ಶಾಲೆಯ ಬಾಗಿಲು ತೆರೆದ ರಂಗರಾಯರು



ನಾವು ರಾಜರಾಜೇಶ್ವರಿನಗರದಲ್ಲಿ ಬಸ್ಸು ಹತ್ತುತ್ತೇವೆ. ಖಾಲಿ ಸೀಟು ಕಂಡರೆ ಕೂರುತ್ತೇವೆ. ಪಕ್ಕದವರ ಜಾತಿ ಯಾವುದು ಅಂತ ಕೇಳುತ್ತೇವಾ? ಇಲ್ಲ.

ಹಿಂದೆ ಹೀಗಿರಲಿಲ್ಲ. ಕೆಲವು ಜಾತಿಯವರನ್ನು 'ಅಸ್ಪೃಶ್ಯರು' ಎಂದು ದೂರ ಇಟ್ಟಿದ್ದರು. ಅಸ್ಪೃಶ್ಯರು ಅಂದರೆ ಮುಟ್ಟಬಾರದವರು. ಅವರು ಊರ ಬಾವಿಯಲ್ಲಿ ನೀರು ಸೇದುವಂತಿರಲಿಲ್ಲ. ಗುಡಿಯೊಳಗೆ ಹೋಗುವಂತಿರಲಿಲ್ಲ. ಅವರ ಮಕ್ಕಳಿಗೆ ಶಾಲೆಯ ಬಾಗಿಲೂ ಮುಚ್ಚಿತ್ತು. ಇಂದು ನಾವು ಅವರನ್ನು ದಲಿತರು ಎನ್ನುತ್ತೇವೆ.

ಆ ಬಾಗಿಲು ತಾನಾಗಿ ತೆರೆಯಲಿಲ್ಲ. ತೆರೆದವರಲ್ಲಿ ಒಬ್ಬರು ಕುದ್ಮುಲ್ ರಂಗರಾಯರು.

ರಂಗರಾಯರು 1859ರಲ್ಲಿ ಕಾಸರಗೋಡಿನ ಕುದ್ಮುಲ್‌ನಲ್ಲಿ ಹುಟ್ಟಿದರು. ಬ್ರಾಹ್ಮಣ ಮನೆತನ. ಮಂಗಳೂರಿನಲ್ಲಿ ವಕೀಲರಾದರು. 1892ರಲ್ಲಿ ಅಲ್ಲಿನ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿದರು. ಮಕ್ಕಳಿಗೆ ಅಕ್ಷರದ ಜೊತೆ ಮಧ್ಯಾಹ್ನದ ಊಟವೂ ಸಿಕ್ಕಿತು. ನೇಯ್ಗೆಯಂಥ ಕೈಕೆಲಸವನ್ನೂ ಕಲಿಸಿದರು.

ಜನ ಸುಮ್ಮನಿದ್ದರಾ? ಇಲ್ಲ. ರಂಗರಾಯರ ಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಬಹಿಷ್ಕಾರ ಅಂದರೆ ಏನು? ಮದುವೆಗೆ ಕರೆಯುವುದಿಲ್ಲ. ಕಷ್ಟಕ್ಕೆ ಬರುವುದಿಲ್ಲ. ಮನೆಯ ಹೆಂಗಸರು, ಮಕ್ಕಳೂ ಒಂಟಿಯಾಗುತ್ತಾರೆ. ವಿರೋಧ ಬಂದಂತೆ ಶಾಲೆಯ ಜಾಗವನ್ನೂ ಬದಲಿಸಬೇಕಾಯಿತು. ಆದರೂ ರಂಗರಾಯರು ಶಾಲೆ ನಿಲ್ಲಿಸಲಿಲ್ಲ.

ಇನ್ನೊಂದು ಧೈರ್ಯವನ್ನೂ ನಾವು ನೆನೆಯಬೇಕು. ಬೈಗುಳಕ್ಕೆ ಹೆದರದೆ ಆ ಶಾಲೆಗೆ ಮಕ್ಕಳನ್ನು ಕಳಿಸಿದ ದಲಿತ ತಾಯಂದಿರ ಧೈರ್ಯ ಅದು. ಅವರು ಕಳಿಸದೆ ಇದ್ದಿದ್ದರೆ ಶಾಲೆ ನಡೆಯುತ್ತಿತ್ತೇ?

ರಂಗರಾಯರು ಮಗಳು ರಾಧಾಬಾಯಿಯನ್ನೂ ಓದಿಸಿದರು. ಬೇರೆ ಜಾತಿಯ ಡಾ. ಪಿ. ಸುಬ್ಬರಾಯನ್ ಅವರಿಗೆ ಮದುವೆ ಮಾಡಿಕೊಟ್ಟರು. 1930ರಲ್ಲಿ ರಾಧಾಬಾಯಿ ಲಂಡನ್ನಿನ ದುಂಡುಮೇಜಿನ ಸಭೆಯಲ್ಲಿ ಹೆಂಗಸರ ಪರವಾಗಿ ಕೂತರು.

ತಾವು ಓದಿಸಿದ ಮಕ್ಕಳು ಮುಂದೆ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು. ಇದು ರಂಗರಾಯರ ಆಸೆಯಾಗಿತ್ತು. ಅವರು 1928ರಲ್ಲಿ ತೀರಿಕೊಂಡರು. ಮಂಗಳೂರಿನ ಪುರಭವನಕ್ಕೆ ಈಗ ಅವರದೇ ಹೆಸರಿದೆ. ಅಲ್ಲಿಗೆ ಹೋದರೆ ಬೋರ್ಡನ್ನು ನೀವೇ ಓದಬಹುದು.

ಮನುಷ್ಯರನ್ನು ದೂರ ಇಡುವ ಕೆಟ್ಟ ಪದ್ಧತಿ ಬೇರೆ ದೇಶದಲ್ಲೂ ಇತ್ತು. ಅಮೆರಿಕದ ಮಾಂಟ್‌ಗೊಮೆರಿ ಊರಿನಲ್ಲಿ ಕಪ್ಪು ಜನರು ಬಸ್ಸಿನ ಹಿಂದೆ ಕೂರಬೇಕಿತ್ತು. ಬಿಳಿಯರು ಬಂದರೆ ಎದ್ದು ಜಾಗ ಬಿಡಬೇಕಿತ್ತು. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಹೆಂಗಸು ಏಳಲಿಲ್ಲ. ಪೊಲೀಸರು ಹಿಡಿದರು. ಅವರು ಬಟ್ಟೆ ಹೊಲಿದು ಬದುಕುತ್ತಿದ್ದವರು. ಅವರಿಗಾಗಿ ಕಪ್ಪು ಜನರು 381 ದಿನ ಬಸ್ಸು ಹತ್ತಲಿಲ್ಲ. ಕೊನೆಗೆ ಆ ನಿಯಮವೇ ಹೋಯಿತು.

ನಮ್ಮ ದೇಶದ ಸಂವಿಧಾನ 1950ರಲ್ಲಿ ಜಾರಿಗೆ ಬಂತು. ಅದರ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. ಅದನ್ನು ಆಚರಿಸುವುದು ಅಪರಾಧ. ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು.

ಆದರೆ ಕಾನೂನು ನಮ್ಮ ಅಡುಗೆಮನೆಗೆ ಬಂದು ನೋಡುತ್ತದೆಯೇ? ಮನೆಗೆಲಸಕ್ಕೆ ಬರುವವಳಿಗೆ ಬೇರೆ ಲೋಟ ಇಡುವವರು ಇಂದೂ ಇದ್ದಾರೆ. ಜಾತಿ ಕೇಳಿ ಬಾಡಿಗೆಗೆ ಮನೆ ಕೊಡುವವರೂ ಇದ್ದಾರೆ.

ಧೈರ್ಯ ಅಂದರೆ ದೊಡ್ಡ ಭಾಷಣವಲ್ಲ. ಆ ಬೇರೆ ಲೋಟವನ್ನು ತೆಗೆದುಬಿಡೋಣ. ಎಲ್ಲರೂ ಒಂದೇ ಥರದ ಲೋಟದಲ್ಲಿ, ಜೊತೆಗೇ ಕೂತು ಕಾಫಿ ಕುಡಿಯೋಣ.