ಇಲಾಖಾ ವಾಹನಗಳ ವಿದ್ಯುನ್ಮಾನ ಘಟಕಗಳ ನಡುವಿನ ಸಂಪರ್ಕ ದೋಷ: ಮಾಡ್ಯೂಲ್ ಬದಲಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳ ಕುರಿತು

ಜಿಲ್ಲಾ ಪಂಚಾಯತಿ ಹಾಗೂ ತಾಲ್ಲೂಕು ಪಂಚಾಯತಿಗಳ ವಾಹನ ದುರಸ್ತಿಗಾಗಿ ಸಲ್ಲಿಕೆಯಾಗುತ್ತಿರುವ ಅಂದಾಜು ಪಟ್ಟಿಗಳಲ್ಲಿ ‘ಮಾಡ್ಯೂಲ್ ಬದಲಾವಣೆ’ ಎಂಬ ಬಾಬ್ತು ಪದೇ ಪದೇ ಕಂಡುಬರುತ್ತಿದೆ. ಕಳೆದ ಮಳೆಗಾಲದಲ್ಲಿ ವಾಹನವೊಂದರ ಎಬಿಎಸ್, ಏರ್‌ಬ್ಯಾಗ್ ಹಾಗೂ ಸ್ಟೀರಿಂಗ್ ಎಚ್ಚರಿಕೆ ದೀಪಗಳು ಏಕಕಾಲಕ್ಕೆ ಹೊತ್ತಿಕೊಂಡು, ವೇಗಮಾಪಕದ ಮುಳ್ಳು ಸೊನ್ನೆಗೆ ಇಳಿಯಿತು. ಎಬಿಎಸ್ ಮಾಡ್ಯೂಲನ್ನು ಬದಲಿಸಲಾಯಿತು. ಎರಡೇ ವಾರಗಳಲ್ಲಿ ಅದೇ ದೋಷ ಮರುಕಳಿಸಿತು. ಕೊನೆಗೆ ಪತ್ತೆಯಾದದ್ದು, ಬ್ಯಾಟರಿ ತಟ್ಟೆಯ ಕೆಳಗೆ ತುಕ್ಕು ಹಿಡಿದಿದ್ದ ಅರ್ಥ್ ಬೋಲ್ಟ್. ತೆಗೆದಿಟ್ಟಿದ್ದ ಹಳೆಯ ಮಾಡ್ಯೂಲಿನಲ್ಲಿ ಯಾವ ದೋಷವೂ ಇರಲಿಲ್ಲ. ಹಣ ಪೋಲಾದದ್ದು ಒಂದು ಸಂಗತಿ. ಆ ಅವಧಿಯಲ್ಲಿ ಒದ್ದೆ ರಸ್ತೆಯಲ್ಲಿ ಚಕ್ರಗಳು ಬಿಗಿದು ಜಾರುವುದನ್ನು ತಡೆಯುವ ವ್ಯವಸ್ಥೆಯೇ ಇಲ್ಲದೆ ವಾಹನ ಸಂಚರಿಸಿತೆಂಬುದು ಅದಕ್ಕಿಂತ ಗಂಭೀರವಾದದ್ದು.

ಹಳೆಯ ಅಂಬಾಸಿಡರ್ ಕಾರಿನಲ್ಲಿ ಪ್ರತಿಯೊಂದು ದೀಪಕ್ಕೂ ಸ್ವಿಚ್ಚಿಗೂ ತನ್ನದೇ ವೈರ್ ಇರುತ್ತಿತ್ತು. ಇಂದಿನ ವಾಹನಗಳಲ್ಲಿ ಎಂಜಿನ್, ಬ್ರೇಕ್, ಸ್ಟೀರಿಂಗ್ ಮುಂತಾದವುಗಳಿಗೆ ಪ್ರತ್ಯೇಕ ನಿಯಂತ್ರಣ ಘಟಕಗಳಿದ್ದು, ಅವೆಲ್ಲವೂ ಪರಸ್ಪರ ಹೆಣೆದ ಒಂದು ಜೊತೆ ವೈರುಗಳ ಮೂಲಕ ಮಾತನಾಡಿಕೊಳ್ಳುತ್ತವೆ. ಜರ್ಮನಿಯ ಬಾಷ್ ಸಂಸ್ಥೆಯು 1986ರಲ್ಲಿ ಜಗತ್ತಿನ ಮುಂದಿಟ್ಟ ಈ ವ್ಯವಸ್ಥೆಗೆ ‘ಕ್ಯಾನ್’ ಎಂದು ಹೆಸರು. ಇದನ್ನು ಗ್ರಾಮಸಭೆಗೆ ಹೋಲಿಸಬಹುದು. ಒಬ್ಬರು ಆಡಿದ್ದು ಎಲ್ಲರಿಗೂ ಕೇಳುತ್ತದೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ತುರ್ತು ವಿಷಯದವರಿಗೆ ಮೊದಲ ಅವಕಾಶ. ಆದರೆ ಯಾರೋ ಒಬ್ಬರು ಎಡೆಬಿಡದೆ ಕೂಗುತ್ತಿದ್ದರೆ ಸಭೆಯೇ ನಿಲ್ಲುತ್ತದೆ. ಹಲವು ದೀಪಗಳು ಒಮ್ಮೆಲೇ ಹೊತ್ತಿಕೊಳ್ಳಲು ಇದೂ ಒಂದು ಕಾರಣ.

ಸ್ಕ್ಯಾನರಿನಲ್ಲಿ ‘ಯು’ ಅಕ್ಷರದಿಂದ ಆರಂಭವಾಗುವ ಸಂಕೇತಗಳು ಸಂಪರ್ಕ ದೋಷಕ್ಕೆ ಸಂಬಂಧಿಸಿದವು. ಉದಾಹರಣೆಗೆ, ಎಂಜಿನ್ ಘಟಕದಲ್ಲಿ ‘ಯು0121’ ದಾಖಲಾಗಿದ್ದರೆ, ಎಬಿಎಸ್ ಘಟಕದ ಮಾತು ತನಗೆ ಕೇಳಿಸಲಿಲ್ಲವೆಂದು ಎಂಜಿನ್ ಘಟಕ ದೂರುತ್ತಿದೆ ಎಂದಷ್ಟೇ ಅರ್ಥ. ದೂರಿನಲ್ಲಿ ಹೆಸರು ಬಂದ ಮಾತ್ರಕ್ಕೆ ಆ ಘಟಕ ಕೆಟ್ಟಿದೆಯೆಂದು ತೀರ್ಮಾನಿಸಲಾಗದು. ಆದುದರಿಂದ ಒಂದು ಘಟಕದ ಸಂಕೇತವನ್ನಷ್ಟೇ ಓದದೆ ಎಲ್ಲ ಘಟಕಗಳ ಸಂಕೇತಗಳನ್ನೂ ಓದಿ ಬರೆದಿಟ್ಟುಕೊಳ್ಳತಕ್ಕದ್ದು. ಎಲ್ಲರೂ ಒಂದೇ ಘಟಕದ ಮೇಲೆ ದೂರಿದ್ದರೆ, ಮೊದಲು ಅದರ ಫ್ಯೂಸ್, ಅರ್ಥ್ ಹಾಗೂ ಕಪ್ಲರ್ ನೋಡಬೇಕು. ಯಾವ ಘಟಕವೂ ಸ್ಕ್ಯಾನರಿಗೆ ಉತ್ತರಿಸದಿದ್ದರೆ, ಇಡೀ ಮಾರ್ಗವೇ ಕೆಟ್ಟಿರಬಹುದು, ಅಥವಾ ಸ್ಕ್ಯಾನರ್ ಸಾಕೆಟ್ಟಿನ ಫ್ಯೂಸ್ ಹೋಗಿರಬಹುದು. ಎರಡನೆಯದನ್ನು ಮರೆತು ಡ್ಯಾಶ್‌ಬೋರ್ಡ್ ಬಿಚ್ಚಿದವರುಂಟು.

ಬ್ಯಾಟರಿಯ ಪರೀಕ್ಷೆ ಮೊದಲಾಗಲಿ. ನಿಂತ ವಾಹನದಲ್ಲಿ ಸುಮಾರು 12.6 ವೋಲ್ಟ್, ಎಂಜಿನ್ ಚಾಲನೆಯಲ್ಲಿರುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರಬೇಕು. ದುರ್ಬಲ ಬ್ಯಾಟರಿಯಲ್ಲಿ ಸ್ಟಾರ್ಟ್ ಮಾಡುವ ಕ್ಷಣದಲ್ಲಿ ವೋಲ್ಟೇಜ್ ಕುಸಿದು, ಘಟಕಗಳು ಕ್ಷಣಕಾಲ ಮೌನವಾಗಿ, ನಿಜವಾದ ದೋಷವಿಲ್ಲದೆಯೂ ಸಂಕೇತ ಉಳಿದುಬಿಡುತ್ತದೆ. ಬರೆದಿಟ್ಟುಕೊಂಡ ಬಳಿಕ ಸಂಕೇತಗಳನ್ನು ಅಳಿಸಿ, ವಾಹನ ಓಡಿಸಿ, ಮತ್ತೆ ಮೂಡುವವನ್ನು ಮಾತ್ರ ಪರಿಗಣಿಸುವುದು.

ಮುಂದಿನ ಪರೀಕ್ಷೆಗೆ ಸಾಧಾರಣ ಮಲ್ಟಿಮೀಟರ್ ಸಾಕು. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ, ಸ್ಕ್ಯಾನರ್ ಸಾಕೆಟ್ಟಿನ 6 ಮತ್ತು 14ನೆಯ ಪಿನ್ನುಗಳ ನಡುವೆ ಓಮ್ ಅಳೆಯಬೇಕು. ಮಾರ್ಗದ ಎರಡು ತುದಿಗಳಲ್ಲೂ 120 ಓಮ್‌ನ ರೋಧಕಗಳು ಸಮಾಂತರವಾಗಿರುವುದರಿಂದ 60 ಓಮ್ ಬಂದರೆ ಸರಿ. 120 ಬಂದರೆ ಎಲ್ಲೋ ಒಂದು ತುದಿ ಕಡಿದಿದೆ; ಸುಮಾರು 40 ಬಂದರೆ ಹೆಚ್ಚುವರಿ ರೋಧಕವೊಂದು ಸೇರಿದೆ; ಸೊನ್ನೆಯ ಸಮೀಪವಿದ್ದರೆ ಎರಡೂ ವೈರುಗಳು ಒಂದಕ್ಕೊಂದು ತಗುಲಿವೆ. ಕೆಲವು ಮಾದರಿಗಳಲ್ಲಿ ಈ ಪಿನ್ನುಗಳು ‘ಗೇಟ್‌ವೇ’ ಘಟಕಕ್ಕೆ ಮಾತ್ರ ಸೇರಿರುತ್ತವೆ. ಅಂತಹ ವಾಹನದಲ್ಲಿ ಇಲ್ಲಿಯ ಅಳತೆ ಒಳಗಿನ ಮಾರ್ಗದ ಸ್ಥಿತಿಯನ್ನು ಹೇಳದು. ತಯಾರಕರ ವೈರಿಂಗ್ ನಕ್ಷೆ ಅಗತ್ಯ.

ಬ್ಯಾಟರಿ ಜೋಡಿಸಿ ಇಗ್ನಿಷನ್ ಹಾಕಿದಾಗ ಒಂದು ವೈರಿನಲ್ಲಿ 2.5 ವೋಲ್ಟಿಗಿಂತ ತುಸು ಹೆಚ್ಚು, ಮತ್ತೊಂದರಲ್ಲಿ ತುಸು ಕಡಿಮೆ ಕಾಣಬೇಕು. ಸೊನ್ನೆ ಕಂಡರೆ ವೈರು ಬಾಡಿಗೆ ತಗುಲಿದೆಯೆಂದೂ, 12 ಕಂಡರೆ ಬ್ಯಾಟರಿ ಸರಬರಾಜಿಗೆ ತಗುಲಿದೆಯೆಂದೂ ಶಂಕಿಸಬೇಕು. ಬಳಿಕ ಮೀಟರ್ ನೋಡುತ್ತ, ಇಗ್ನಿಷನ್ ಆಫ್ ಮಾಡಿ ಒಂದೊಂದೇ ಘಟಕದ ಕಪ್ಲರ್ ಬಿಡಿಸುತ್ತ ಹೋಗಬೇಕು. ಯಾವುದನ್ನು ಬಿಡಿಸಿದಾಗ ಅಳತೆ ಸರಿಹೋಗುವುದೋ ಆ ಘಟಕದಲ್ಲಿ ಅಥವಾ ಅದರ ಕವಲಿನಲ್ಲಿ ದೋಷವಿದೆ. ಏರ್‌ಬ್ಯಾಗ್ ಕಪ್ಲರನ್ನು ಮಾತ್ರ ತರಬೇತಿ ಪಡೆದ ಮೆಕ್ಯಾನಿಕ್ ಹೊರತು ಬೇರಾರೂ ಮುಟ್ಟಕೂಡದು.

ಬಹುಪಾಲು ಸಂದರ್ಭಗಳಲ್ಲಿ ಮೂಲ ಕಾರಣ ಅತಿ ಸಾಮಾನ್ಯವಾದದ್ದು. ಶೆಡ್ಡಿನಲ್ಲಿ ಇಲಿ ಕಡಿದ ವೈರು, ಜೋರು ನೀರಿನಿಂದ ಎಂಜಿನ್ ತೊಳೆದಾಗ ಕಪ್ಲರಿನೊಳಗೆ ನಿಂತ ತೇವ, ಜಿಪಿಎಸ್ ಅಥವಾ ಸೈರನ್ನಿಗಾಗಿ ಸಿಕ್ಕ ವೈರನ್ನು ಸುಲಿದು ಮಾಡಿದ ಜೋಡಣೆ. ಕಡಿದ ವೈರನ್ನು ಸರಿಪಡಿಸುವಾಗ ಮೂಲದ ಹೆಣಿಗೆಯನ್ನು ಉಳಿಸಿಕೊಳ್ಳಬೇಕು. ಹೊರಗಿನ ವಿದ್ಯುತ್ ಗದ್ದಲ ಎರಡೂ ವೈರುಗಳ ಮೇಲೆ ಸಮವಾಗಿ ಬಿದ್ದು, ಅವುಗಳ ನಡುವಿನ ವ್ಯತ್ಯಾಸ ಕೆಡದಿರುವುದು ಆ ಹೆಣಿಗೆಯಿಂದಲೇ.

ಇನ್ನು ಮುಂದೆ ಮಾಡ್ಯೂಲ್ ಬದಲಾವಣೆಯ ಅಂದಾಜು ಪಟ್ಟಿಯೊಂದಿಗೆ ದೋಷ ಸಂಕೇತಗಳ ಮುದ್ರಿತ ಪ್ರತಿ, ಬ್ಯಾಟರಿ ವೋಲ್ಟೇಜ್, 6–14ನೆಯ ಪಿನ್ನುಗಳ ಓಮ್ ಅಳತೆ ಹಾಗೂ ಸಂಬಂಧಿತ ಅರ್ಥ್ ಪರಿಶೀಲಿಸಿದ ಬಗ್ಗೆ ಚಾಲಕರ ಸಹಿಯುಳ್ಳ ಟಿಪ್ಪಣಿಯನ್ನು ಲಗತ್ತಿಸತಕ್ಕದ್ದು. ಬದಲಿಸಿದ ಹಳೆಯ ಮಾಡ್ಯೂಲನ್ನು ಗ್ಯಾರೇಜಿನಲ್ಲಿ ಬಿಡದೆ ಕಚೇರಿಯ ದಾಸ್ತಾನಿಗೆ ಒಪ್ಪಿಸತಕ್ಕದ್ದು.