ಶಾಂಭವಿ ದಡದ ಬೆಳೆ ಹಬ್ಬ

ತುಳುನಾಡಿನ ಪ್ರೊಟೆಸ್ಟೆಂಟ್ ಸಭೆಗಳು ಕೊಯ್ಲು ಮುಗಿದ ಮೇಲೆ ಆಚರಿಸುವ ಬೆಳೆ ಹಬ್ಬದ ಹಿಂದೆ ಬಾಸೆಲ್ ಮಿಷನ್ನಿನ ಚರಿತ್ರೆಯಿದೆ. ಸಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಆ ಮಿಷನ್ನಿನ ಮೂವರು ಪಾದ್ರಿಗಳು 1834ರ ಅಕ್ಟೋಬರ್ 30ರಂದು ಮಂಗಳೂರಿಗೆ ಬಂದಿಳಿದರು. 1845ರಲ್ಲಿ ಮೂಲ್ಕಿಯಲ್ಲಿ ಮಿಷನ್ ಠಾಣ್ಯ ತೆರೆಯಿತು. ಶಾಂಭವಿ ಹೊಳೆಯ ಆ ದಡ ಮೂಲ್ಕಿಯಾದರೆ ಈ ದಡ ಹೆಜಮಾಡಿ.

ಬಂದವರ ಕೈಯಲ್ಲಿದ್ದ ಸುವಾರ್ತೆಯ ತುಂಬ ಹೊಲದ ಮಾತೇ: ಬಿತ್ತುವವನ ಸಾಮತಿ, ರೈತನಿಗೆ ತಿಳಿಯದಂತೆ ಮೊಳೆತು ಬೆಳೆಯುವ ಬೀಜ, ಬೆಳೆ ಬಹಳವಾಗಿ ಕೊಯ್ಯುವವರು ಕಡಿಮೆಯಾದ ಹೊಲ. ಯಾಕೋಬನ ಪತ್ರಿಕೆಯಲ್ಲಂತೂ ತಾಳ್ಮೆಗೆ ಮಾದರಿ ಮಳೆಗೆ ಕಾದು ಕೂತ ಬೇಸಾಯಗಾರನೇ. ಮಿಷನ್ನಿನ ಗ್ರೈನರ್, ಅಮ್ಮಾನ್ ಮೊದಲಾದವರ ದುಡಿಮೆಯಿಂದ ಮತ್ತಾಯನ ಸುವಾರ್ತೆ 1842ರಲ್ಲೂ ಇಡೀ ಹೊಸ ಒಡಂಬಡಿಕೆ 1847ರಲ್ಲೂ ತುಳುವಿನಲ್ಲಿ ಅಚ್ಚಾದವು. ಆದರೆ ದಾರಿ, ಬಂಡೆ, ಮುಳ್ಳು ನೋಡದೆ ಬೀಜ ಎರಚುವ ಆ ಬಿತ್ತುವವನು ಇಲ್ಲಿನ ಬೈಲಿನ ಒಕ್ಕಲಿಗೆ ತುಸು ಉಡಾಳನಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಮುಂಗಾರಿನ ಭತ್ತವಾದ ಏಣೆಲು ಬೆಳೆಗೆ ಮೊದಲು ಒಂದು ಮೂಲೆಯಲ್ಲಿ ನೇಜಿ (ಸಸಿ) ಹಾಕಿ, ಅದು ಗೇಣುದ್ದ ಬಂದ ಮೇಲೆ ಕಿತ್ತು, ಕಟ್ಟು ಕಟ್ಟಿ, ಉತ್ತು ಹದಗೊಳಿಸಿದ ಕೆಸರಿನಲ್ಲಿ ಬಾಗಿ ಬಾಗಿ ನೆಡಬೇಕು. ಮುಂಗಾರಿಗೆ ನೆಟ್ಟದ್ದು ಕೊಯ್ಲಿಗೆ ಬರುವುದು ಮಳೆ ಇಳಿಮುಖವಾದ ಮೇಲೆ. ನೀರಿನ ಆಸರೆಯಿದ್ದ ಬೈಲಿನಲ್ಲಿ ಅದರ ಹಿಂದೆ ಎರಡನೆಯ ಬೆಳೆ ಸುಗ್ಗಿ, ಆಮೇಲೆ ಮೂರನೆಯದು ಕೊಳಕೆ.

ಮಿಷನ್ನಿನ ಕೆಲಸವೂ ಎರಚುವುದರಲ್ಲಿ ಮುಗಿಯಲಿಲ್ಲ, ನೇಜಿಯ ಕ್ರಮಕ್ಕೇ ಬಂತು. ಸಭೆಗೆ ಸೇರಿದವರಲ್ಲಿ ಬಿಲ್ಲವರು ಹೆಚ್ಚು. ಮಿಷನ್ ಕಳ್ಳಿಗೆ ವಿರೋಧಿಯಾದ್ದರಿಂದ ಅವರು ಕಳ್ಳು ಇಳಿಸುವ ಮೂರ್ತೆಯ ಕಸುಬು ಬಿಡಬೇಕಾಯಿತು. ಚಾಲಗೇಣಿಯ ಒಕ್ಕಲನ್ನು ಧಣಿ ಎಬ್ಬಿಸಿದರೆ ಉಳಲು ನೆಲವೂ ಇಲ್ಲ. ಅಂಥವರಿಗೆ ಜಾಗ, ಶಾಲೆ, ಕೆಲಸ ಒದಗಿಸುವುದೇ ಪ್ರಚಾರಕ್ಕಿಂತ ದೊಡ್ಡ ಹೊರೆಯಾಯಿತು. ನೇಯ್ಗೆ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ಹೊಲ ತಪ್ಪಿದವರಿಗೆ ಅನ್ನ ಕೊಟ್ಟದ್ದು ಮಗ್ಗ ಮತ್ತು ಆವೆಮಣ್ಣು.

ಅವಸರದ ಫಸಲು ಕೈಗೆ ಹತ್ತಲಿಲ್ಲ ಎಂಬುದಕ್ಕೂ ಇಲ್ಲಿ ನಿದರ್ಶನವಿದೆ. 1869ರ ಸುಮಾರಿಗೆ ಅರಸಪ್ಪ ಎಂಬ ಮುಂದಾಳುವಿನ ಜತೆ ಬಿಲ್ಲವರ ದೊಡ್ಡ ಗುಂಪು ಹೊಸ ಧರ್ಮದ ಹುಡುಕಾಟದಲ್ಲಿತ್ತು. ಮಿಷನ್ನಿನವರು ಆಸೆಯಿಂದ ನೋಡಿದರು. ಅರಸಪ್ಪ ಒಲಿದದ್ದು ಬ್ರಹ್ಮ ಸಮಾಜಕ್ಕೆ. 1870ರಲ್ಲಿ ಅದು ಮಂಗಳೂರಿನಲ್ಲಿ ನೆಲೆಯೂರಿತು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳು ಬಂಧಿತರಾಗಿ ಊರು ಬಿಟ್ಟ ಮೇಲೆ ಸಭೆಯ ಭಾರ ಸ್ಥಳೀಯರ ಹೆಗಲಿಗೆ ಬಿತ್ತು. ನೆಟ್ಟವರು ಕೊಯ್ಲು ನೋಡಲಿಲ್ಲ.

ಹಬ್ಬದ ಆಚರಣೆಗೆ ಹೊರಗಿನ ಮಾದರಿಗಳೂ ಇದ್ದವು. ಜರ್ಮನಿ, ಸ್ವಿಟ್ಜರ್ಲೆಂಡಿನ ಹಳ್ಳಿಗಳಲ್ಲಿ ಬೆಳೆಗಾಗಿ ಸ್ತೋತ್ರ ಸಲ್ಲಿಸುವ ಭಾನುವಾರ ಹಳೆಯದು. ಇಂಗ್ಲೆಂಡಿನಲ್ಲಿ ಅದರ ಈಗಿನ ರೂಪವನ್ನು 1843ರಲ್ಲಿ ಕಾರ್ನ್‌ವಾಲಿನ ಪಾದ್ರಿ ರಾಬರ್ಟ್ ಹಾಕರ್ ಆರಂಭಿಸಿದರು. ಆದರೆ ಈ ನೆಲ ಕಾದು ಕುಳಿತಿರಲಿಲ್ಲ. ಇಲ್ಲಿ ಮನೆಮನೆಯಲ್ಲಿ ತೆನೆ ಕಟ್ಟುವ, ಹೊಸಕ್ಕಿಯ ಊಟವಾದ ಪುದ್ವಾರ್ ಉಣ್ಣುವ ಪದ್ಧತಿಯಿತ್ತು. ಕೊಂಕಣಿ ಕೆಥೊಲಿಕರಿಗೆ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಇತ್ತು, ಈಗಲೂ ಇದೆ: ಆಶೀರ್ವದಿಸಿದ ತೆನೆಯ ಭತ್ತ ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಯವರೆಲ್ಲ ಹಂಚಿಕೊಳ್ಳುತ್ತಾರೆ.

ಪ್ರೊಟೆಸ್ಟೆಂಟ್ ಬೆಳೆ ಹಬ್ಬದ ವೈಶಿಷ್ಟ್ಯ ಏಲಂ. ಆರಾಧನೆಯ ಮುಂಚೆ ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ, ಸೌತೆ, ಬಸಳೆಕಟ್ಟು, ಕಾಲು ಕಟ್ಟಿದ ಊರಕೋಳಿ ಎಲ್ಲ ಬಂದು ಬೀಳುತ್ತವೆ. ಪ್ರಾರ್ಥನೆ ಮುಗಿಯುತ್ತಲೇ ಅಂಗಳದಲ್ಲಿ ಸವಾಲು ಶುರು. ಪೇಟೆಯ ಬೆಲೆಗೆ ಕವಡೆ ಕಿಮ್ಮತ್ತು. ಒಂದು ಬಾಳೆಗೊನೆಗೆ ಇಬ್ಬರು ಹಟಕ್ಕೆ ಬಿದ್ದರೆ ಬೆಲೆ ಎಲ್ಲಿ ನಿಲ್ಲುವುದೋ ಹೇಳಲಾಗದು. ಗೆದ್ದವರು ಗೊನೆಯನ್ನು ಮತ್ತೆ ಸಭೆಗೇ ಕೊಟ್ಟು ಇನ್ನೊಮ್ಮೆ ಏಲಂಗೆ ನಿಲ್ಲಿಸುವುದೂ ಉಂಟು. ಸೇರಿದ ಹಣ ಸಭೆಯ ಖರ್ಚಿಗೂ ಸೇವೆಗೂ ಹೋಗುತ್ತದೆ. ಗದ್ದೆಗಳು ಕಡಿಮೆಯಾಗಿ ಕಾಣಿಕೆಯಲ್ಲಿ ಭತ್ತ ಅಪರೂಪವಾಗಿದೆ, ಅಂಗಡಿಯಿಂದ ತಂದ ಅಕ್ಕಿಚೀಲ ಅದರ ಜಾಗ ಹಿಡಿದಿದೆ. ಸವಾಲಿನ ಜೋರು ಮಾತ್ರ ತಗ್ಗಿಲ್ಲ.