ಕಂಪನಿ ನಿಂತಾಗ ಕೂಲಿಯ ಜೊತೆ ಇನ್ನೇನು ಹೋಗುತ್ತದೆ?

ತಿರುಪ್ಪೂರು: 2011 ರ ಜನವರಿ 28, ಶುಕ್ರವಾರ. ತಿರುಪ್ಪೂರಿನ ಬಣ್ಣ ಹಾಕುವ ಮತ್ತು ಬ್ಲೀಚಿಂಗ್ ಘಟಕಗಳನ್ನೆಲ್ಲ ಮುಚ್ಚುವಂತೆ ಅಂದು ಮದ್ರಾಸ್ ಹೈಕೋರ್ಟು ಆದೇಶಿಸಿತು. ನೊಯ್ಯಲ್ ನದಿಗೆ ಕೊಳೆ ನೀರು ಬಿಡಬಾರದೆಂಬ ಆಜ್ಞೆ ಪಾಲನೆಯಾಗಿಲ್ಲ ಎಂಬುದೇ ಇದಕ್ಕೆ ಕಾರಣ. ಜನರ ಬಾಯಲ್ಲಿ 'ಸಾಯಪಟ್ಟರೈ' ಎನಿಸಿಕೊಂಡ ಏಳುನೂರಕ್ಕೂ ಹೆಚ್ಚು ಘಟಕಗಳು ನಿಂತವು.

ಬನಿಯನ್ ಊರಿನಲ್ಲಿ ಒಂದು ಕೆಲಸ ನಿಂತರೆ ಅದೊಂದೇ ನಿಲ್ಲುವುದಿಲ್ಲ. ಬಣ್ಣವಿಲ್ಲದೆ ಕಟಿಂಗ್ ಇಲ್ಲ, ಕಟಿಂಗ್ ಇಲ್ಲದೆ ಟೈಲರ್‌ಗೆ ಕೆಲಸವಿಲ್ಲ, ಟೈಲರ್ ಕೂತರೆ ಚೆಕಿಂಗ್, ಪ್ಯಾಕಿಂಗ್ ಹೆಂಗಸರಿಗೂ ಕೆಲಸವಿಲ್ಲ. ಶನಿವಾರ ಸಂಬಳ ಎಣಿಸುತ್ತಿದ್ದ ಸಾವಿರಾರು ಮನೆಗಳ ಲೆಕ್ಕ ತಪ್ಪಿತು. ನದಿಯ ಕೆಳಭಾಗದ ರೈತರ ಲೆಕ್ಕ ಅದಕ್ಕೂ ಮೊದಲೇ ತಪ್ಪಿತ್ತು. ಅವರ ನೀರಾವರಿಗೆಂದು 1992 ರಲ್ಲಿ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಬಣ್ಣದ ನೀರಿನ ಗುಂಡಿಯಾಗಿ, ಬಾವಿ ನೀರು ಕೆಟ್ಟು, ಎಷ್ಟೋ ರೈತರು ಬೇಸಾಯವನ್ನೇ ಬಿಡಬೇಕಾಯಿತು. ಕೋರ್ಟಿಗೆ ಹೋದವರೂ ಅವರೇ. ಒಂದೇ ನದಿಯ ಎರಡು ಕಡೆ ಎರಡು ಬಗೆಯ ಜನರ ಬದುಕು ಮಗ್ಗುಲು ಬದಲಿಸಿತ್ತು.

ಮುಂದೆ ಘಟಕಗಳು ಶುದ್ಧೀಕರಣದ ವ್ಯವಸ್ಥೆ ಮಾಡಿಕೊಂಡು ಒಂದೊಂದಾಗಿ ತೆರೆದವು. ಊರು ಮತ್ತೆ ಎದ್ದಿತು. ಆದರೆ ಆ ತಿಂಗಳುಗಳಲ್ಲಿ ಮನೆಗಳ ಒಳಗೆ ಆದದ್ದು ಯಾವ ರಫ್ತು ಲೆಕ್ಕದಲ್ಲೂ ಸಿಗುವುದಿಲ್ಲ. ಅದಕ್ಕೂ ಮೊದಲೇ, 2010 ರ ಸುಮಾರಿಗೆ, ತಿರುಪ್ಪೂರಿನ ಆತ್ಮಹತ್ಯೆಗಳ ಸುದ್ದಿ ದೇಶದ ದೊಡ್ಡ ಪತ್ರಿಕೆಗಳಲ್ಲೂ ಬಂದಿತ್ತು. ಮತ್ತೆ 2020 ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. 2025 ರ ಆಗಸ್ಟ್ 27 ರಿಂದ ಅಮೆರಿಕ ಭಾರತದ ಸರಕಿನ ಮೇಲೆ ಶೇ. 50 ರಷ್ಟು ಸುಂಕ ಹಾಕಿದಾಗ ಕಂಪನಿ ಗೇಟುಗಳ ಮುಂದೆ ಅದೇ ಹಳೆಯ ಪ್ರಶ್ನೆ ಎದ್ದಿತು: ಮುಂದಿನ ವಾರ ಕೆಲಸ ಇದೆಯೇ?

ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವ ಬುದ್ಧಿಮಾತು 'ಮನಸ್ಸು ಗಟ್ಟಿ ಮಾಡಿಕೋ' ಎಂಬುದು. ಹೇಗೆ ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಗಟ್ಟಿ ಎಂದರೆ ಕಲ್ಲಲ್ಲ

ಮನೋಸ್ಥೈರ್ಯವೆಂದರೆ ಅಳದೆ ಇರುವುದು, ಯಾರ ಮುಂದೆಯೂ ಬಾಯಿ ಬಿಡದೆ ನುಂಗಿಕೊಳ್ಳುವುದು ಎಂದು ನಮ್ಮ ಕಡೆ, ಮುಖ್ಯವಾಗಿ ಗಂಡಸರಲ್ಲಿ, ನಂಬಿಕೆ ಇದೆ. ಮನಶ್ಶಾಸ್ತ್ರ ಹೇಳುವುದು ಬೇರೆ. ಪೆಟ್ಟು ಬಿದ್ದಾಗ ಬಾಗಿ, ಸ್ವಲ್ಪ ಕಾಲದ ಮೇಲೆ ಮತ್ತೆ ನಿಲ್ಲುವ ಶಕ್ತಿಗೆ ಆ ಹೆಸರು.

ಬನಿಯನ್ ಬಟ್ಟೆಯನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅದು ಎಳೆದಷ್ಟೂ ಹಿಗ್ಗಿ, ಬಿಟ್ಟಾಗ ಹಿಂದಕ್ಕೆ ಬರುತ್ತದೆ. ನೂಲು ಅದೇ ಹತ್ತಿ ನೂಲು, ಮಗ್ಗದ ಬಟ್ಟೆಯ ನೂಲಿಗಿಂತ ಗಟ್ಟಿಯೇನಲ್ಲ. ಒಂದು ಕುಣಿಕೆ ಇನ್ನೊಂದು ಕುಣಿಕೆಯೊಳಗೆ ಸೇರಿಕೊಂಡಿರುವುದೇ ಆ ಹಿಗ್ಗುವ ಗುಣಕ್ಕೆ ಕಾರಣ. ಮನುಷ್ಯನ ವಿಷಯವೂ ಹೆಚ್ಚುಕಡಿಮೆ ಹಾಗೆಯೇ. ಅಮೆರಿಕದ ಹವಾಯಿಯ ಕವಾಯಿ ದ್ವೀಪದಲ್ಲಿ 1955 ರಲ್ಲಿ ಹುಟ್ಟಿದ ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಸಂಶೋಧಕಿ ದಶಕಗಳ ಕಾಲ ಗಮನಿಸಿದರು. ಬಡತನ, ಕುಡಿತ, ಜಗಳದ ಮನೆಗಳಲ್ಲಿ ಬೆಳೆದ ಮಕ್ಕಳಲ್ಲಿಯೂ ಸುಮಾರು ಮೂರನೇ ಒಂದು ಭಾಗ ಚೆನ್ನಾಗಿ ಬದುಕು ಕಟ್ಟಿಕೊಂಡರು. ಅವರಿಗೆ ಆಸರೆಯಾದದ್ದರಲ್ಲಿ ಮುಖ್ಯವಾದದ್ದು, ಅಜ್ಜಿಯೋ ಮೇಷ್ಟರೋ ನೆರೆಮನೆಯವರೋ, ಅವರನ್ನು ಕೈಬಿಡದ ಒಬ್ಬ ಹಿರಿಯ ಜೀವ.

ಒಂದು ಗಿರಣಿ ಊರಿನ ಕಥೆ

ಕೆಲಸ ಹೋದಾಗ ಮನಸ್ಸಿಗೆ ಏನಾಗುತ್ತದೆ ಎಂಬುದನ್ನು ಮೊದಲು ಊರೂರಾಗಿ ಕೂತು ನೋಡಿದ ಅಧ್ಯಯನ ನಡೆದದ್ದು ಒಂದು ಬಟ್ಟೆ ಗಿರಣಿಯ ಊರಿನಲ್ಲಿಯೇ. ಆಸ್ಟ್ರಿಯಾದ ವಿಯೆನ್ನಾ ಹತ್ತಿರ ಮಾರಿಯೆಂಥಾಲ್ ಎಂಬ ಊರು. ಸುಮಾರು 1,500 ಜನ. ಊರಿಗೆಲ್ಲ ಒಂದೇ ಗಿರಣಿ. 1929-30 ರಲ್ಲಿ ಅದು ಮುಚ್ಚಿತು. ಮಾರೀ ಯಾಹೋಡಾ, ಪೌಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಎಂಬ ಯುವ ಸಂಶೋಧಕರ ತಂಡ ಅಲ್ಲಿಗೆ ಹೋಗಿ, ಕಂಡದ್ದನ್ನು 1933 ರಲ್ಲಿ ಪುಸ್ತಕವಾಗಿ ಪ್ರಕಟಿಸಿತು.

ಕೆಲಸವಿಲ್ಲದ ಜನ ಸಿಟ್ಟಿನಿಂದ ಬೀದಿಗಿಳಿಯುತ್ತಾರೆ ಎಂಬುದು ಆಗಿನ ನಿರೀಕ್ಷೆ. ಕಂಡದ್ದು ಮಾತ್ರ ಮಂಕು. ಗಂಡಸರು ನಿಧಾನವಾಗಿ ನಡೆಯುತ್ತಿದ್ದರು, ದಾರಿಯಲ್ಲಿ ಮತ್ತೆ ಮತ್ತೆ ನಿಲ್ಲುತ್ತಿದ್ದರು. ಹೆಚ್ಚಿನವರು ಕೈಗೆ ಗಡಿಯಾರ ಕಟ್ಟುವುದನ್ನೇ ಬಿಟ್ಟಿದ್ದರು. ದಿನವೆಲ್ಲ ಬಿಡುವಿದ್ದರೂ, ಶುಲ್ಕವನ್ನು ತೆಗೆದುಹಾಕಿದ್ದರೂ, ಗ್ರಂಥಾಲಯದಿಂದ ಪುಸ್ತಕ ಒಯ್ಯುವವರು ಕಡಿಮೆಯಾದರು. ಹೆಂಗಸರು ಮಾತ್ರ ಬೇಗ ಬೇಗ ನಡೆಯುತ್ತಿದ್ದರು. ಗಿರಣಿ ಕೆಲಸ ಅವರಿಗೂ ಹೋಗಿತ್ತು, ಆದರೆ ಒಲೆ, ಮಕ್ಕಳು, ಬಟ್ಟೆ ಒಗೆಯುವುದು ನಿಂತಿರಲಿಲ್ಲ.

ಕೆಲಸ ಕೂಲಿಯೊಂದನ್ನೇ ಕೊಡುವುದಿಲ್ಲ, ಯಾರಿಗೂ ಗೊತ್ತಾಗದಂತೆ ಇನ್ನೂ ಐದು ವಸ್ತುಗಳನ್ನು ಕೊಡುತ್ತಿರುತ್ತದೆ ಎಂದು ಯಾಹೋಡಾ ಮುಂದೆ ವಿವರಿಸಿದರು. ಕಂಪನಿ ನಿಂತಾಗ ಈ ಐದೂ ಒಟ್ಟಿಗೆ ಹೋಗುತ್ತವೆ. ಹೋದದ್ದೇನು ಎಂದು ತಿಳಿದರೆ ಮರಳಿ ಕಟ್ಟಿಕೊಳ್ಳುವುದು ಸುಲಭ.

ಹೋಗುವ ಐದು, ಕಟ್ಟಿಕೊಳ್ಳಬೇಕಾದ ಐದು

1. ದಿನದ ಕಟ್ಟು. ಶಿಫ್ಟು, ಟೀ ಹೊತ್ತು, ಊಟದ ಬೆಲ್ ಎಂದು ಕಂಪನಿ ದಿನವನ್ನು ಭಾಗ ಮಾಡಿ ಕೊಡುತ್ತದೆ. ಅದು ಹೋದ ಮೇಲೆ ಹಗಲು ಮಲಗಿ ರಾತ್ರಿ ಎಚ್ಚರವಿರುವ ರೂಢಿ ಒಂದು ವಾರದಲ್ಲಿ ಹತ್ತುತ್ತದೆ. ಕೆಲಸವಿಲ್ಲದಿದ್ದರೂ ಮೊದಲಿನ ಹೊತ್ತಿಗೇ ಏಳಬೇಕು, ಸ್ನಾನ ಮಾಡಿ ಹೊರಗೆ ಕಾಲಿಡಬೇಕು. ಬೆಳಗ್ಗೆ ಕೆಲಸ ಹುಡುಕುವುದು, ಮಧ್ಯಾಹ್ನ ಮನೆಗೆಲಸ, ಸಂಜೆ ಮಕ್ಕಳ ಪಾಠ ಎಂದು ಹೊತ್ತು ಗೊತ್ತು ಮಾಡಿಕೊಳ್ಳಬೇಕು. ಚಿಕ್ಕ ವಿಷಯವೆನಿಸಿದರೂ ಮೊದಲು ಹಿಡಿಯಬೇಕಾದ ಎಳೆ ಇದೇ.

2. ನಾಲ್ಕು ಜನರ ಒಡನಾಟ. ಪಕ್ಕದ ಮೆಷಿನ್ನಿನವರು, ಟೀ ಅಂಗಡಿಯವರು ದಿನವೂ ಸಿಗುತ್ತಿದ್ದರು. ಕೆಲಸ ಹೋದವರು ನಾಚಿಕೆಯಿಂದ ಮೊದಲು ಬಿಡುವುದು ಇವರನ್ನೇ. ಗೇಟಿನ ಮೇಲೆ 'ಆಟ್ಕಳ್ ತೇವೈ' ಎಂಬ ಬೋರ್ಡ್ ಬಿದ್ದ ಸುದ್ದಿ ಬರುವುದೂ ಇವರ ಬಾಯಿಂದಲೇ. ದಿನಕ್ಕೆ ಒಬ್ಬರಿಗಾದರೂ ಫೋನ್ ಮಾಡುವ ನೇಮವಿರಲಿ.

3. ಕೂಡಿ ಮಾಡುವ ಕೆಲಸ. ಒಂದು ಆರ್ಡರ್ ಮುಗಿಸಲು ನೂರು ಕೈ ಸೇರುತ್ತವೆ. ಮನೆಯಲ್ಲಿ ಒಬ್ಬರೇ ಕೂತರೆ 'ನಾನು ಯಾರಿಗೂ ಬೇಡ' ಎನಿಸುತ್ತದೆ. ಗುಡಿಯ ಹಬ್ಬದ ಕೆಲಸ, ಶಾಲೆಯ ಕೆಲಸ, ಸ್ವಸಹಾಯ ಸಂಘದ ಲೆಕ್ಕ, ನೆರೆಯವರ ಹೊಲದಲ್ಲಿ ಮುಯ್ಯಾಳಾಗಿ ದುಡಿಯುವುದು ಆ ಜಾಗವನ್ನು ತುಂಬುತ್ತವೆ.

4. ಗುರುತು. ತಾಳವಾಡಿ, ಹಾಸನೂರು, ಚಾಮರಾಜನಗರ ಕಡೆಯಿಂದ ದಿಂಬಂ ಘಾಟಿಯ 27 ತಿರುವು ಇಳಿದು ಬಂದವರಿಗೆ ಈ ನೋವು ಹೆಚ್ಚು. ಊರಿಗೆ ಹಿಂದಿರುಗಿದಾಗ 'ಏನಪ್ಪಾ, ಬಂದ್ಬಿಟ್ಯಾ?' ಎಂಬ ಒಂದು ಮಾತು ಸಾಕು. ಕಂಪನಿ ಮುಚ್ಚಿದರೂ ಕೈಯಲ್ಲಿರುವ ಕಸುಬು ಎಲ್ಲಿಗೂ ಹೋಗಿರುವುದಿಲ್ಲ. 'ಕೆಲಸ ಇಲ್ಲದವನು' ಎಂದು ಹೇಳಿಕೊಳ್ಳುವುದಕ್ಕೂ 'ಓವರ್‌ಲಾಕ್ ಟೈಲರ್, ಕೆಲಸ ಹುಡುಕುತ್ತಿದ್ದೇನೆ' ಎಂದು ಹೇಳಿಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ.

5. ಕೈಗೆ ಚಟುವಟಿಕೆ. ಮೈ ಕೂತರೆ ಚಿಂತೆ ನಡೆಯುತ್ತದೆ. ನಡಿಗೆ, ಹಿತ್ತಲ ಕೆಲಸ, ಮನೆಯ ರಿಪೇರಿ ಏನಾದರೂ ಸರಿ. ಈ ಖಾಲಿ ಜಾಗಕ್ಕೆ ಮೊದಲು ನುಗ್ಗುವುದು ಕುಡಿತ. ಕುಡಿದರೆ ನಿದ್ದೆ ಬರುತ್ತದೆ ಎಂಬುದು ಅರ್ಧ ಸತ್ಯ. ನಡುರಾತ್ರಿ ಆ ನಿದ್ದೆ ಒಡೆಯುತ್ತದೆ, ಮರುದಿನದ ಬೇಸರ ಹಿಂದಿನ ದಿನಕ್ಕಿಂತ ಹೆಚ್ಚಿರುತ್ತದೆ.

ಹಣದ ಮಾತನ್ನು ಬಿಡುವಂತಿಲ್ಲ

ಮಾರಿಯೆಂಥಾಲ್‌ನಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ಸುಮಾರು ಕಾಲು ಭಾಗದಷ್ಟು ಕುಟುಂಬಗಳು ಕುಗ್ಗದೆ ಮನೆ, ಮಕ್ಕಳನ್ನು ನೋಡಿಕೊಂಡು ಮುಂದಿನ ಯೋಚನೆ ಮಾಡುತ್ತಿದ್ದವು. ಹೀಗೆ ನಿಂತ ಮನೆಗಳ ಕೈಯಲ್ಲಿ ಉಳಿದವರಿಗಿಂತ ಸ್ವಲ್ಪ ಹೆಚ್ಚು ದುಡ್ಡಿತ್ತು. ಪೂರ್ತಿ ಕುಸಿದ ಮನೆಗಳ ಕೈಯೇ ಎಲ್ಲಕ್ಕಿಂತ ಬರಿದಾಗಿತ್ತು. ಅಂದರೆ ಕುಸಿದವರನ್ನು 'ಮನಸ್ಸು ದುರ್ಬಲ' ಎಂದು ಜರೆಯುವುದು ತಪ್ಪು. ಮನಸ್ಸಿನ ಬಲಕ್ಕೆ ಅಕ್ಕಿ ಡಬ್ಬದ ಬಲವೂ ಬೇಕು.

ಆದ್ದರಿಂದ ಸಾಲವನ್ನು ಮುಚ್ಚಿಡಬಾರದು. ಯಾರಿಗೆ ಎಷ್ಟು, ಬಡ್ಡಿ ಎಷ್ಟು ಎಂದು ಒಂದೇ ಹಾಳೆಯಲ್ಲಿ ಬರೆದು ಗಂಡ ಹೆಂಡತಿ ಒಟ್ಟಿಗೆ ನೋಡಬೇಕು. ತಲೆಯೊಳಗಿನ ಸಾಲ ಕಾಗದದ ಸಾಲಕ್ಕಿಂತ ಯಾವಾಗಲೂ ದೊಡ್ಡದಾಗಿ ಕಾಣುತ್ತದೆ. ಕನ್ನಡದಲ್ಲಿ ಮೀಟರ್ ಬಡ್ಡಿ, ತಮಿಳಿನಲ್ಲಿ ಕಂದುವಟ್ಟಿ ಎನ್ನುವ ವಿಪರೀತ ಬಡ್ಡಿಯನ್ನು ತಮಿಳುನಾಡು 2003 ರಲ್ಲಿಯೇ ಕಾಯ್ದೆ ಮಾಡಿ ನಿಷೇಧಿಸಿದೆ. ಅಂಥ ಬಡ್ಡಿಗಾಗಿ ಪೀಡಿಸುವವರ ಮೇಲೆ ಪೊಲೀಸರಿಗೆ ದೂರು ಕೊಡಬಹುದು. ಇಎಸ್‌ಐ ಕಾರ್ಡ್, ಪಿಎಫ್ ನಂಬರ್, ಸಂಬಳದ ಚೀಟಿಗಳನ್ನು ಕೆಲಸ ಇರುವಾಗಲೇ ಜೋಪಾನ ಮಾಡಿಟ್ಟರೆ ಕಷ್ಟಕಾಲದಲ್ಲಿ ಅಲೆದಾಟ ಕಡಿಮೆ.

ಇನ್ನು ಹೆಂಗಸರ ಮಾತು. ಗಂಡನಿಗೆ ದಿನ ಖಾಲಿಯಾದಾಗ ಹೆಂಡತಿಗೆ ದಿನ ಇಮ್ಮಡಿಯಾಗುತ್ತದೆ. ಕಡಿಮೆ ದುಡ್ಡಿನಲ್ಲಿ ಒಲೆ ಹಚ್ಚಬೇಕು, ಸಾಲಗಾರರಿಗೆ ಬಾಗಿಲಲ್ಲಿ ನಿಂತು ಉತ್ತರ ಹೇಳಬೇಕು, ಗಂಡನ ಸಿಟ್ಟನ್ನೂ ತಾಳಬೇಕು. ನೀರು ತರುವುದು, ಮಕ್ಕಳನ್ನು ಶಾಲೆಗೆ ಬಿಡುವುದನ್ನು ಗಂಡಸರು ವಹಿಸಿಕೊಂಡರೆ ಇಬ್ಬರಿಗೂ ಲಾಭ. ಆಕೆಗೆ ಬಿಡುವು ಸಿಗುತ್ತದೆ, ಅವರಿಗೆ ದಿನದ ಕಟ್ಟು ಸಿಗುತ್ತದೆ.

ಒಳ್ಳೆಯ ಬದಲಾವಣೆಗೂ ಭಾರವಿದೆ

ಮನಸ್ಸಿಗೆ ಹೊರೆಯಾಗುವುದು ಕೆಟ್ಟ ಸುದ್ದಿಯೊಂದೇ ಅಲ್ಲ. ಥಾಮಸ್ ಹೋಮ್ಸ್, ರಿಚರ್ಡ್ ರಾಹೆ ಎಂಬ ಅಮೆರಿಕದ ಇಬ್ಬರು ವೈದ್ಯರು 1967 ರಲ್ಲಿ ಬದುಕಿನ ಬದಲಾವಣೆಗಳಿಗೆ ಅಂಕ ಕೊಟ್ಟರು. ಗಂಡ ಅಥವಾ ಹೆಂಡತಿಯ ಸಾವಿಗೆ 100. ಕೆಲಸದಿಂದ ತೆಗೆದುಹಾಕಿದರೆ 47, ನಿವೃತ್ತಿಗೆ 45. ಮದುವೆಗೆ ಮಾತ್ರ ಕೆಲಸ ಹೋದುದಕ್ಕಿಂತಲೂ ಹೆಚ್ಚು, 50! ಸಂತೋಷದ ಬದಲಾವಣೆಯಲ್ಲೂ ದಿನದ ಕಟ್ಟು, ಜನ, ಗುರುತು ಎಲ್ಲವೂ ಬದಲಾಗುತ್ತವೆ ಎಂಬುದೇ ಇದರ ಅರ್ಥ.

ಸ್ಪಿನ್ನಿಂಗ್ ಮಿಲ್ಲಿನ ಹಾಸ್ಟೆಲಿಗೆ ಸೇರಿದ ಹುಡುಗಿ, ಮದುವೆಯಾಗಿ ಪಲ್ಲಡಂಗೆ ಬಂದ ಸೊಸೆ, ಮಕ್ಕಳೆಲ್ಲ ತಿರುಪ್ಪೂರು ಸೇರಿದ ಮೇಲೆ ಊರಿನಲ್ಲಿ ಒಬ್ಬರೇ ಉಳಿದ ತಾಯಿ, ಇವರೆಲ್ಲರೂ ಒಂದೊಂದು ಕುಣಿಕೆ ಕಳಚಿಕೊಂಡವರೇ. 'ನಿನಗೇನು ಕಡಿಮೆ?' ಎಂದು ಕೇಳುವ ಮೊದಲು ಇದನ್ನು ನೆನೆಯಬೇಕು.

ಈ ಭಾಗಕ್ಕೆ ಬದಲಾವಣೆ ಹೊಸದೂ ಅಲ್ಲ. ಕೊಯಮತ್ತೂರಿಗೆ ಮೊದಲ ಹತ್ತಿ ಗಿರಣಿ ಬಂದದ್ದು 1888 ರಲ್ಲಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು ಎಂದು ತಲೆಮಾರುಗಳಿಂದ ಬದುಕಿರುವ ದೇವಾಂಗ ನೇಕಾರರಲ್ಲಿ ಎಷ್ಟೋ ಮನೆಗಳು ಕೈಮಗ್ಗ ಬಿಟ್ಟು ವಿದ್ಯುತ್ ಮಗ್ಗಕ್ಕೆ, ಗಿರಣಿಗೆ, ಬೇರೆ ಕೆಲಸಗಳಿಗೆ ಹೋಗಿವೆ. ಮಗ್ಗ ಹೋದರೂ ಮಾತು, ಚೌಡೇಶ್ವರಿ ಹಬ್ಬ, ನೆಂಟಸ್ತಿಕೆ ಉಳಿದವು. ಎಲ್ಲವನ್ನೂ ಒಂದೇ ಬಾರಿಗೆ ಬದಲಿಸದೆ ಕೆಲವನ್ನು ಹಾಗೆಯೇ ಉಳಿಸಿಕೊಳ್ಳುವುದು ಹಿರಿಯರು ಕಂಡುಕೊಂಡ ಉಪಾಯ.

ಯಾವಾಗ ವೈದ್ಯರ ಬಳಿ ಹೋಗಬೇಕು?

ಕೆಲಸ ಹೋದ ಮೇಲೆ ಕೆಲವು ದಿನ ಬೇಸರ, ಸಿಟ್ಟು, ನಿದ್ದೆಗೇಡು ಸಹಜ. ಎರಡು ವಾರ ದಾಟಿದರೂ ನಿದ್ದೆ, ಊಟ ಸರಿಹೋಗದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ತೋರಿಸಬೇಕು. ನಮ್ಮ ಕಡೆ ಮನಸ್ಸಿನ ನೋವು ಹೆಚ್ಚಾಗಿ ಮೈಯ ಬಾಯಲ್ಲಿ ಮಾತಾಡುತ್ತದೆ: ತಲೆನೋವು, ಎದೆ ಭಾರ, ಕೈಕಾಲು ಸೋಲು. ಮಾತ್ರೆ ನುಂಗಿದರೂ ಇವು ಹೋಗದಿದ್ದರೆ ವೈದ್ಯರಿಗೆ ಕೆಲಸದ ವಿಷಯವನ್ನೂ ಹೇಳಬೇಕು.

'ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು' ಎಂಬ ಮಾತು ಯಾರ ಬಾಯಿಂದ ಬಂದರೂ ತಮಾಷೆ ಎಂದುಕೊಳ್ಳಬಾರದು. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಬಹುದು. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ, ಬದಲಿಗೆ ಒಳಗಿನ ಭಾರ ಇಳಿಯುತ್ತದೆ. ಅವರನ್ನು ಒಂಟಿಯಾಗಿ ಬಿಡಬಾರದು, ಹೊಲದ ಔಷಧಿಯಂಥ ಅಪಾಯದ ವಸ್ತುಗಳಿಗೆ ಬೀಗ ಹಾಕಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಪೊಲೀಸ್ ಕೇಸಿನ ಭಯ ಬೇಡ. 2017 ರ ಮಾನಸಿಕ ಆರೋಗ್ಯ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಕಂಡು ಆರೈಕೆ ಕೊಡಬೇಕೆನ್ನುತ್ತದೆ.

ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022 ರ ಅಕ್ಟೋಬರ್ 10 ರಂದು ಆರಂಭವಾಯಿತು. ಸಂಖ್ಯೆ 14416. ಹಗಲು ರಾತ್ರಿ ಉಚಿತ. ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡಬಹುದು. ಆಫೀಸಿನ ಮಾತು ತಮಿಳಿನಲ್ಲಿ ಸಲೀಸಾದರೂ ಸಂಕಟದ ಮಾತು ಮನೆಭಾಷೆಯಲ್ಲೇ ಬರುವವರಿಗೆ ಇದು ದೊಡ್ಡ ಅನುಕೂಲ. ಕೊಯಮತ್ತೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ತಿರುಪ್ಪೂರಿಗೂ 2022 ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ.

ಕೆಲಸ ಕೊಡುವುದು ನೆರೆಹೊರೆಯ ಕೈಯಲ್ಲಿಲ್ಲ. ಆದರೆ ತಿರುಪ್ಪೂರಿನಲ್ಲಿ ಶನಿವಾರ ಸಂಬಳದ ದಿನ, ಸಂಬಳ ಬಾರದ ಮನೆಗೆ ವಾರದಲ್ಲಿ ಅತಿ ಉದ್ದದ ಸಂಜೆ. ಆ ಸಂಜೆ ಅಂಥ ಒಂದು ಮನೆಗೆ ಫೋನ್ ಮಾಡಿ 'ಊಟ ಆಯ್ತಾ?' ಎಂದು ಕೇಳುವುದು ಎಲ್ಲರ ಕೈಯಲ್ಲೂ ಇದೆ.